ಸಾರಿನಲ್ಲಿ ಸಿಕ್ಕ ತೋಟಾ

ಅಮಲ್ದಾರರು ಸಂತೆಯಿಂದ ಕೋಳಿ ತಂದು ಅಡಿಗೆಯವನನ್ನು ಗದರಿದರು: “ಬೀಗರ ಮುಂದೆ ಇದು ನಾನೇ ಹೊಡೆದ ಕಾಡುಕೋಳಿ ಅನ್ನು. ಹಲ್ಲಿಗೆ ಸಿಗುವಂತೆ ಬಂದೂಕಿನದ್ದು ಏನಾದರೂ ಸಾರಿಗೆ ಹಾಕು. ಇಲ್ಲವೋ, ಕೆಲಸ ಬಿಡು!”

“ಅಪ್ಪಣೆ ಬುದ್ಧೀ.”

ಬೀಗರದು ಪೊಲೀಸರಿಗಾಗಿ ಬಂದೂಕು ಪರೀಕ್ಷಿಸುವ ಕೆಲಸ. ಊಟಕ್ಕೆ ಕೂತಾಗ ಅಡಿಗೆಯವನು “ಬುದ್ಧಿಯವರೇ ಹೊಡೆದ ಕಾಡುಕೋಳಿ” ಎನ್ನುತ್ತಾ ಬಡಿಸಿದರೆ, ಸಾರಿನ ಜೊತೆ ಹೆಬ್ಬೆರಳು ಗಾತ್ರದ ಖಾಲಿ ಹಿತ್ತಾಳೆ ತೋಟಾ ಠಣ್ಣನೆ ಅವರ ತಟ್ಟೆಗೆ ಬಿತ್ತು.

“ಹಕ್ಕಿಗೆ ತಗಲೋದು ತೋಟಾದೊಳಗಿನ ಚರೆ, ಸಣ್ಣ ಸೀಸದ ಗುಂಡು. ಖಾಲಿ ತೋಟಾ ಬಂದೂಕಿನಲ್ಲೇ ಉಳಿಯುತ್ತೆ. ಇದು ಕೋಳಿಯೊಳಗೆ ಹೇಗೆ ಬಂತು?” ಎಂದರು ಬೀಗರು.

ಅಮಲ್ದಾರರು ಅಡಿಗೆಯವನ ಕಡೆ ಕಣ್ಣು ಬಿಟ್ಟರು.

ಅಡಿಗೆಯವನು ಕೈಮುಗಿದ: “ಎಷ್ಟು ಹೊಡೆದರೂ ಗುರಿ ತಪ್ಪಿತು, ಸ್ವಾಮಿ. ಬುದ್ಧಿಯವರು ಸಿಟ್ಟಿನಲ್ಲಿ ಬಂದೂಕನ್ನೇ ಕೋಳಿಯ ಮೇಲೆ ಬೀಸಿ ಒಗೆದರು. ನಿಧಾನವಾಗಿ ಉಣ್ಣಿ, ಟ್ರಿಗರ್ ಇನ್ನೂ ಸಿಕ್ಕಿಲ್ಲ.”

ಬೀಗರು ತಟ್ಟೆ ಸರಿಸಿದರು.

ಅಮಲ್ದಾರರು ಕಿರುಚಿದರು: “ಉಣ್ಣಿ ಬೀಗರೇ, ಅದು ಸಂತೆ ಕೋಳಿ!”