ಗುರುಮಲ್ಲ ವೆಲ್ಡಿಂಗ್ ಕಲಿತದ್ದು

ಎಲ್ಲ ಮಂಗಳವಾರಗಳಂಥದೇ ಒಂದು ಮಂಗಳವಾರ. ನೀರಿಗೆ ಹೊರಟ ಚಿಕ್ಕತಾಯಮ್ಮ ಮಗ ಗುರುಮಲ್ಲನಿಗೆ "ಬಾಗಿಲು ನೋಡ್ಕೊಂಡಿರೋ" ಎಂದು ಹೇಳಿ ಹೋದಳು. ಅವಳು ತಿರುಗಿ ಬರುವಾಗ ಬೀದಿನಾಯಿಯೊಂದು ರೊಟ್ಟಿಯನ್ನೆಲ್ಲ ತಿಂದು, ಬಾಯಿ ನೆಕ್ಕುತ್ತಾ ಹೊರಗೆ ಬರುತ್ತಿತ್ತು. ಗುರುಮಲ್ಲ ರೆಪ್ಪೆ ಬಡಿಯದೆ ಬಾಗಿಲನ್ನೇ ನೋಡುತ್ತಾ ಕೂತಿದ್ದ.

"ನಾಯಿ ಕಾಣಲಿಲ್ವೇನೋ?"

"ಕಾಣ್ತು ಕಣವ್ವ. ಆದ್ರೆ ನೀನು ಬಾಗಿಲು ನೋಡು ಅಂದಿದ್ದೆ."

ಮದುವೆಯ ವಯಸ್ಸು ಮೀರುತ್ತಿದ್ದ ಗಂಡಸು! ಮೀಸೆ ಬಂದಿತ್ತು. ಮೀಸೆಗಿಂತ ಮೇಲೆ ಏನೂ ಬಂದಿರಲಿಲ್ಲ. ಇವನಿಗೆ ಹೆಣ್ಣು ಕೊಡುವವರು ಯಾರು? ಆ ಒಂದು ಚಿಂತೆಯೇ ಅವಳನ್ನು ಅರ್ಧ ಮಾಡಿತ್ತು.

ಅವತ್ತು ಮಧ್ಯಾಹ್ನ ಅವಳ ಅಣ್ಣ ಪುಟ್ಟಮಾದಯ್ಯ ಆಟೋದಿಂದ ಒಂದು ಡಬ್ಬ ಇಳಿಸಿದ.

"ವೆಲ್ಡಿಂಗ್ ಮಷಿನ್ ಕಣವ್ವ. ಅಗ್ಗದ್ದೇ, ಆದ್ರೆ ಒಂದರಲ್ಲೇ ಮೂರು ಬಗೆ. ರಾಡು ಹಾಕಿ ಹೊಡೀಬಹುದು, ವೈರು ಹಾಕಿ ಹೊಡೀಬಹುದು. ಮೂರನೇದು ನಯದ ಕೆಲಸಕ್ಕೆ. ಪಕ್ಕದೂರಿನ ಶಿವನಂಜಪ್ಪ ಮಗಳಿಗೆ ಕಸುಬುದಾರ ಗಂಡೇ ಬೇಕು ಅಂತಾನೆ. ಮುಂದಿನ ವಾರ ನಿಮ್ಮ ಮನೆ ನೋಡೋಕೆ ಬರ್ತಾನೆ. ಅಷ್ಟರಲ್ಲಿ ಇವನು ಕಲೀಲಿ."

"ಮಷಿನ್‌ಗೆ ಮೂರು ಬಗೆ ಬರುತ್ತೆ. ನನ್ನ ಮಗನಿಗೆ ಒಂದಾದ್ರೂ ಬಂದೀತಾ ಅಣ್ಣ?"

ಪುಟ್ಟಮಾದಯ್ಯ ಅಂಗಳದಲ್ಲಿ ನಾಲ್ಕು ಪೈಪು ನೆಟ್ಟು, ಮೇಲೆ ತಗಡು ಹೊದಿಸಿ ಶೆಡ್ಡು ಮಾಡಿಕೊಟ್ಟ. ರಾಡು ಹಿಡಿಯುವುದನ್ನು ತೋರಿಸಿದ. "ಮೊದಲು ಹಳೇ ಕಬ್ಬಿಣದ ಮೇಲೆ ಕೈ ಪಳಗಿಸು" ಎಂದು ಹೇಳಿ ಹೋದ.

ಆ ಮನೆಯಲ್ಲಿ ಅತಿ ಹಳೆಯ ಕಬ್ಬಿಣವೆಂದರೆ ಅಜ್ಜಿಯ ಕಾಲದ ರೊಟ್ಟಿ ಹೆಂಚು. ಅದರ ನಂತರದ್ದು ಈಳಿಗೆಮಣೆಯ ಅಲಗು. ಸಂಜೆ ಚಿಕ್ಕತಾಯಮ್ಮ ಒಲೆ ಹಚ್ಚಿ ಹೆಂಚು ಎತ್ತಿದರೆ ಈಳಿಗೆಮಣೆಯೂ ಎದ್ದು ಬಂತು.

"ಅಯ್ಯೋ ದಡ್ಡ ಮುಂಡೇದೆ! ಮನೆ ಸಾಮಾನಿಗೆ ಕೈ ಹಾಕ್ತಾರೇನೋ? ಶೆಡ್ಡಿಗೆ ಬೇರೆಯವರ ಸಾಮಾನು ಬಂದ್ರೆ ಅದಕ್ಕೆ ಹೊಡಿ!"

"ಆಗ್ಲಿ ಕಣವ್ವ, ಹಂಗೇ ಮಾಡ್ತೀನಿ."

ಮರುದಿನ ಹಾಲಿನ ಬಸವಣ್ಣ ಸೈಕಲ್ಲನ್ನು ಶೆಡ್ಡಿನ ನೆರಳಿಗೆ ನಿಲ್ಲಿಸಿ, ಎದುರು ಮನೆಯವರ ಜೊತೆ ಮಾತಿಗೆ ನಿಂತ. ಬೇರೆಯವರ ಸಾಮಾನು! ಶೆಡ್ಡಿಗೇ ಬಂದಿದೆ! ಗುರುಮಲ್ಲ ಕ್ಯಾನನ್ನೂ ಕ್ಯಾರಿಯರನ್ನೂ ಸುತ್ತಲೂ ಬೆಸೆದ. ಒಳಗಿನ ಹಾಲು ಕುದಿದು ಉಕ್ಕಿತು.

"ಚಿಕ್ಕತಾಯಕ್ಕ! ನಿಮ್ಮ ಹುಡುಗ ಮಾಡಿರೋದು ಬಂದು ನೋಡಿ! ನಾನಿನ್ನು ಸೈಕಲ್ ಬಗ್ಗಿಸಿ ಹಾಲು ಅಳೀಬೇಕಾ?"

"ಹಾಲು ಕಾಯಿಸಿಯೂ ಕೊಟ್ಟಿದೀನಿ ಬಸವಣ್ಣ" ಎಂದ ಗುರುಮಲ್ಲ.

ಚಿಕ್ಕತಾಯಮ್ಮ ಹಣೆ ಚಚ್ಚಿಕೊಂಡಳು. "ಕತ್ತೆ! ಕತ್ತೆಯಾದ್ರೂ ಭಾರ ಹೊರುತ್ತೆ! ಏನು ಕೆಲಸ ಅಂತ ಮೊದಲು ಕೇಳು. ಅವರು ಹೇಳಿದ ಜಾಗಕ್ಕೆ ಹೊಡಿ. ಅವರು ಸಾಕು ಅಂದ್ಮೇಲೆ ನಿಲ್ಲಿಸು!"

"ಆಗ್ಲಿ ಕಣವ್ವ, ಹಂಗೇ ಮಾಡ್ತೀನಿ."

ಮೂರನೆಯ ದಿನ ಪಕ್ಕದ ಮನೆಯ ಕೆಂಪಜ್ಜಿ ಕಬ್ಬಿಣದ ಕುರ್ಚಿ ತಂದಳು. ಗುರುಮಲ್ಲ ಕೇಳಿದ. ಅಜ್ಜಿ ಅಲ್ಲಾಡುವ ಕಾಲು ತೋರಿಸಿ, ಒಲೆ ಮೇಲೆ ಸಾರಿದೆ ಎಂದು ಮನೆಗೆ ಹೋದಳು. ಅವತ್ತು ಮಷಿನ್‌ನಲ್ಲಿ ವೈರು ಇತ್ತು. ರಾಡಾದರೆ ಗೇಣುದ್ದ, ಬೇಗ ಮುಗಿಯುತ್ತದೆ. ವೈರು ಹಾಗಲ್ಲ, ಗುಂಡಿ ಒತ್ತಿದಷ್ಟೂ ಹೊತ್ತು ಸುರುಳಿಯಿಂದ ಬರುತ್ತಲೇ ಇರುತ್ತದೆ. ಗುರುಮಲ್ಲ ಒತ್ತಿದ. ಒತ್ತಿದ. ಒತ್ತಿದ. ಸಾಕು ಎನ್ನಲು ಯಾರೂ ಇಲ್ಲ! ಕುರ್ಚಿಯ ಕಾಲು ಆನೆಯ ಕಾಲಾಯಿತು. ಮಷಿನ್ ಕಾದು, ಹಳದಿ ದೀಪ ಹತ್ತಿಸಿ, ತಾನಾಗಿಯೇ ನಿಂತಿತು. ಆಗಲೂ ಇವನು ಗುಂಡಿ ಒತ್ತುತ್ತಲೇ ಇದ್ದ.

ಅಷ್ಟರಲ್ಲಿ ಪುಟ್ಟಮಾದಯ್ಯ ಬಂದ.

"ಲೋ, ಈ ಅಗ್ಗದ ಡಬ್ಬಕ್ಕಿರೋ ಬುದ್ಧಿ ನಿನಗಿಲ್ವಲ್ಲೋ! ದೀಪ ಹತ್ತಿತು ಅಂದ್ರೆ ಕಾದಿದೆ ಅಂತ. ಇನ್ಮೇಲೆ ದೀಪ ಹತ್ತಿತೋ, ಕೈಲಿ ಏನೇ ಇರಲಿ, ಆ ಕ್ಷಣವೇ ಬಿಟ್ಬಿಡು!"

"ಆಗ್ಲಿ ಮಾವ, ಹಂಗೇ ಮಾಡ್ತೀನಿ."

ಶಿವನಂಜಪ್ಪ ಬಂದ ದಿನ ಮೋಡ ಮುಸುಕಿತ್ತು, ಕರೆಂಟಿರಲಿಲ್ಲ. ಟ್ರಾಕ್ಟರಿನ ಟ್ರೈಲರಿನಲ್ಲಿ ತನ್ನ ಅಕ್ಕನನ್ನು ಕೂರಿಸಿಕೊಂಡು ಬಂದಿದ್ದ. ಟ್ರಾಕ್ಟರನ್ನು ಶೆಡ್ಡಿನ ಪಕ್ಕ ನಿಲ್ಲಿಸಿ, ಮಷಿನ್ ನೋಡಿ ತಲೆದೂಗಿದ. ಗುರುಮಲ್ಲ ಬಾಯಿ ಬಿಡದೆ ನಿಂತಿದ್ದ. "ಹುಡುಗ ಮಿತಭಾಷಿ" ಎಂದು ಅಕ್ಕ ಮೆಚ್ಚಿದಳು. ಚಿಕ್ಕತಾಯಮ್ಮನಿಗೆ ಉಸಿರು ಬಂದಂತಾಯಿತು. ಪುಟ್ಟಮಾದಯ್ಯ ಬಂದವರನ್ನು ನಡುಮನೆಯಲ್ಲಿ ಕೂರಿಸಿದ ಮೇಲೆ, ಮಗನ ಕೈಗೆ ಕಾಫಿ ತಟ್ಟೆ ಕೊಟ್ಟು ಕಳಿಸಿದಳು.

ಗುರುಮಲ್ಲ ಶಿವನಂಜಪ್ಪನ ಮುಂದೆ ಬಗ್ಗಿದ. ಕರೆಂಟು ಬಂತು. ನಡುಮನೆಯ ದೀಪ ಹತ್ತಿತು. ಗುರುಮಲ್ಲ ತಟ್ಟೆ ಬಿಟ್ಟ.

"ಅಯ್ಯಪ್ಪಾ! ಸುಟ್ಟೋಯ್ತು!"

ಶಿವನಂಜಪ್ಪ ಪಂಚೆ ಕೊಡವುತ್ತಾ ಹಿತ್ತಲ ನಲ್ಲಿಗೆ ಓಡಿದ, ಹಿಂದೆಯೇ ಅಕ್ಕ, ಹಿಂದೆಯೇ ಪುಟ್ಟಮಾದಯ್ಯ. ಚಿಕ್ಕತಾಯಮ್ಮ ಮಗನನ್ನು ಅಡುಗೆಮನೆಗೆ ಎಳೆದಳು. ಬೈಯಲೂ ಅವಳಲ್ಲಿ ಬೈಗುಳ ಉಳಿದಿರಲಿಲ್ಲ.

"ಮುಗೀತು. ಎದ್ದು ಹೋಗ್ತಾರೆ. ಇಂಥ ಮನೆ ಮತ್ತೆ ಸಿಗಲ್ಲ ಕಣೋ. ಹೋಗು, ಕೈಯೋ ಕಾಲೋ ಹಿಡಿ. ಏನಾದ್ರೂ ಮಾಡು, ಅವರು ಹೂಂ ಅನ್ನೋವರೆಗೂ ಹೋಗೋಕೆ ಬಿಡಬೇಡ!"

"ಆಗ್ಲಿ ಕಣವ್ವ, ಹಂಗೇ ಮಾಡ್ತೀನಿ."

ಹೋದ. ಕೈ ಹಿಡಿಯಲಿಲ್ಲ, ಕಾಲು ಹಿಡಿಯಲಿಲ್ಲ. ಮಷಿನ್‌ಗೆ ರಾಡು ಹಾಕಿ, ದಪ್ಪನೆಯ ಕಬ್ಬಿಣದ ಆ್ಯಂಗಲ್ ತುಂಡೊಂದನ್ನು ಹಿಡಿದು, ಅದರ ಒಂದು ತುದಿಯನ್ನು ಟ್ರೈಲರಿನ ಹಿಂಬದಿಗೂ ಇನ್ನೊಂದು ತುದಿಯನ್ನು ಶೆಡ್ಡಿನ ಪೈಪಿಗೂ ಬೆಸೆದ. ಅವಸರ ಮಾಡಲಿಲ್ಲ.

ಒದ್ದೆ ಪಂಚೆಯ ಶಿವನಂಜಪ್ಪ ಅಕ್ಕನನ್ನು ಹತ್ತಿಸಿ, ತಾನೂ ಹತ್ತಿ ಟ್ರಾಕ್ಟರ್ ಶುರು ಮಾಡಿದ.

"ನೀವಿನ್ನೂ ಹೂಂ ಅಂದಿಲ್ಲ" ಎಂದ ಗುರುಮಲ್ಲ.

"ಈ ಜನ್ಮದಲ್ಲಿ ಅನ್ನಲ್ಲ ಕಣೋ!"

ಗೇರು ಬಿತ್ತು. ಟ್ರಾಕ್ಟರ್ ಮುಗ್ಗರಿಸಿತು, ಹೊಗೆ ಕಾರಿತು, ಮುಂದಕ್ಕೆ ನುಗ್ಗಿತು. ಒಂದು ಪೈಪು ಮಣ್ಣು ಬಿಟ್ಟು ಎದ್ದಿತು, ಅದರ ಹಿಂದೆ ಉಳಿದವೂ ಎದ್ದವು. ತಗಡು ಧಡಧಡನೆ ಬಡಿದುಕೊಳ್ಳುತ್ತಾ ಶೆಡ್ಡು ಬೀದಿಗಿಳಿದು ಹೊರಟಿತು. ಮಷಿನ್ ಒಂದೇ ಬಯಲಿನಲ್ಲಿ ಉಳಿಯಿತು. ಟ್ರಾಕ್ಟರಿನ ಸದ್ದಿನಲ್ಲಿ ಶಿವನಂಜಪ್ಪನಿಗೆ ಏನೂ ಕೇಳಲಿಲ್ಲ. ಟ್ರೈಲರಿನಲ್ಲಿ ಅಕ್ಕ ಬಾಯಿ ಬಡಿದುಕೊಳ್ಳುತ್ತಿದ್ದಳು. ಚಿಕ್ಕತಾಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಬೆನ್ನಟ್ಟಿದಳು.

ಕೆರೆ ಏರಿಯ ತಿರುವಿನಲ್ಲಿ ಶೆಡ್ಡು ಹುಣಸೆಮರಕ್ಕೆ ಸಿಕ್ಕಿಕೊಂಡು ಟ್ರಾಕ್ಟರ್ ನಿಂತಿತು. ಪುಟ್ಟಮಾದಯ್ಯ ಏದುಸಿರು ಬಿಡುತ್ತಾ ಬಂದು, ಆ್ಯಂಗಲ್ ತುಂಡಿಗೆ ಸುತ್ತಿಗೆಯಿಂದ ಬಲವಾಗಿ ಬಾರಿಸಿದ. ಶಿವನಂಜಪ್ಪ ಇಳಿದು ಬಂದು ಅದೇ ಸುತ್ತಿಗೆ ಕಿತ್ತುಕೊಂಡು ತಾನೂ ಬಾರಿಸಿದ.

ಬೆಸುಗೆ ಬಿಡಲಿಲ್ಲ.