ಹಾಲು ಹೆಪ್ಪಾಗದ ಗವಿ

ಒಂದಾನೊಂದು ಕಾಲದಲ್ಲಿ, ಯಾವ ಕಾಲ ಅಂತ ಕೇಳಬೇಡ ಮರಿ, ನಂಗೆ ಕತೆ ಹೇಳಿದ ನಮ್ಮಜ್ಜಿಗೂ ಗೊತ್ತಿರಲಿಲ್ಲ, ಬರೀ ಬಂಡೆ, ಕುರುಚಲು ಗಿಡ ಇರೋ ಒಂದು ಗುಡ್ಡದ ಕೆಳಗೆ ಕುರಿ ಸಾಕೋರ ಹಟ್ಟಿ ಇತ್ತಂತೆ. ಆ ಹಟ್ಟೀಲಿ ಮಾಳವ್ವ ಅಂತ ಒಬ್ಬ ಸೊಸೆ ಇದ್ದಳಂತೆ. ಅವಳ ಗಂಡ ಕ್ಯಾತಣ್ಣ, ಅತ್ತೆ ದುಗ್ಗವ್ವ, ತೊಟ್ಟಿಲಲ್ಲಿ ಹೊನ್ನೂರಿ ಅಂತ ಹಾಲು ಕುಡಿಯೋ ಹೆಣ್ಣುಕೂಸು. ಮಾಳವ್ವ ಎಂಥವಳು ಅಂತೀಯ, ಕೈಯಲ್ಲಿ ಉಣ್ಣೆ ನೂಲ್ತಾ ಕಾಲಲ್ಲಿ ತೊಟ್ಟಿಲು ತೂಗ್ತಿದ್ದಳಂತೆ, ತೋಳ ಬಂತು ಅಂತ ಕೂಗು ಕೇಳಿದ್ರೆ ಒಲೆಯಿಂದ ಕೊಳ್ಳಿ ಕಿತ್ಕೊಂಡು ಗಂಡಸರಿಗಿಂತ ಮುಂದೆ ಓಡ್ತಿದ್ದಳಂತೆ. ಮಾತು ಮಾತ್ರ ಕಮ್ಮಿ. ಎದುರಿಗಿರೋರು ಹೇಳಿದ್ದನ್ನ ಪೂರ್ತಿ ಕೇಳಿ, ಆಮೇಲೆ ತನ್ನದೊಂದು ಮಾತು ಹೇಳೋಳು, ಅದು ಸರಿಯಾದ ಜಾಗಕ್ಕೇ ಬೀಳೋದು.

ಹೀಗಿರುವಾಗ ಒಂದು ದಿನ ಒಂದು ಗಬ್ಬದ ಕುರಿ ತಪ್ಪಿಸ್ಕೊಂಡು ಗುಡ್ಡ ಹತ್ತಿತಂತೆ. ಕ್ಯಾತಣ್ಣ ಅದರ ಹಿಂದೆ ಹೋದನಂತೆ. ಕುರಿ ಹೋಗಿ ಒಂದು ಗವಿ ಹೊಕ್ಕಿತಂತೆ, ಇವನೂ ಹೊಕ್ಕನಂತೆ, ಆಮೇಲೆ ಕುರೀನೂ ಇಲ್ಲ ಇವನೂ ಇಲ್ಲ. ಹಟ್ಟಿ ಗಂಡಸರೆಲ್ಲ ಮೂರು ದಿನ ಗವಿ ಬಾಯಿ ತನಕ ಹೋಗಿ, ಕ್ಯಾತಣ್ಣಾ ಕ್ಯಾತಣ್ಣಾ ಅಂತ ಕೂಗಿ ಕೂಗಿ ವಾಪಸ್ಸು ಬಂದರಂತೆ. ಅದರೊಳಗೆ ಹೋದೋರು ಯಾರೂ ಬಂದದ್ದಿಲ್ಲ ತಾಯಿ, ಕುಂಕುಮ ಅಳಿಸ್ಕೊ ಅಂತ ಮಾಳವ್ವಂಗೆ ಹೇಳಿದರಂತೆ. ದುಗ್ಗವ್ವ ಎದೆ ಎದೆ ಬಡ್ಕೊಂಡಳಂತೆ. ಮಾಳವ್ವ ಎಲ್ಲಾ ಕೇಳಿಸ್ಕೊಂಡು, ನೀವು ಒಳಗೆ ಹೋಗಿ ನೋಡಿದ್ರಾ ಅಂದಳಂತೆ. ಬಾಯಿ ತನಕ ಅಷ್ಟೇ ಅಂದರಂತೆ. ಹಾಗಾದ್ರೆ ನಾನು ನೋಡ್ಕೊಂಡು ಬರ್ತೀನಿ ಅಂದಳಂತೆ.

ಗಂಡ ಹಸಿದಿರ್ತಾನೆ ಅಂತ ಒಂದು ಕುಡಿಕೇಲಿ ಹಾಲು, ಒಂದು ಕುಡಿಕೇಲಿ ಮಜ್ಜಿಗೆ, ಸೆರಗಿನ ಗಂಟಲ್ಲಿ ಒಂದಿಷ್ಟು ರಾಗಿ ಕಟ್ಕೊಂಡು, ಮಗೂಗೆ ಹೊಟ್ಟೆ ತುಂಬ ಹಾಲು ಕುಡಿಸಿ, ಅತ್ತೆ ಮಡಿಲಿಗೆ ಹಾಕಿ, ಸಂಜೆ ಕುರಿ ಹಟ್ಟಿಗೆ ಬರೋದರೊಳಗೆ ಬಂದುಬಿಡ್ತೀನಿ ಅತ್ತೆ, ಅಂತ ಹೇಳಿ ಹೊರಟಳಂತೆ.

ಗವಿ ಒಳಗೆ ಹೋದರೆ ಕತ್ತಲೇನೂ ಇಲ್ಲವಂತೆ. ದೀಪಾನೂ ಕಾಣಲ್ಲ, ಸೂರ್ಯಾನೂ ಕಾಣಲ್ಲ, ಆದರೂ ಬೆಳಕು. ಅಲ್ಲಿ ಕ್ಯಾತಣ್ಣ ಒಂದು ಎಲೆ ಮುಂದೆ ಕೂತು, ಕೈಯಲ್ಲಿ ಒಂದು ತುತ್ತು ಹಿಡ್ಕೊಂಡಿದ್ದನಂತೆ. ಪಕ್ಕದಲ್ಲೇ ಕುರಿ ನಿಂತಿತ್ತಂತೆ. ಮಾಳವ್ವ ಓಡಿ ಹೋಗಿ ಭುಜ ಅಲುಗಿಸಿದರೆ, ಅವನು ನಗ್ತಾ, ಓ ನೀನೂ ಬಂದ್ಯಾ, ಇರು, ಈಗ ತಾನೇ ಕೂತೆ, ಒಂದು ತುತ್ತು ಉಂಡು ಬರ್ತೀನಿ ಅಂದನಂತೆ. ಅಯ್ಯೋ, ನೀನು ಬಂದು ಎಷ್ಟು ದಿನ ಆಯ್ತು ಅಂತ ಇನ್ನೊಂದು ಸಲ ಅಲುಗಿಸಿದರೆ, ಅದೇ ನಗು, ಓ ನೀನೂ ಬಂದ್ಯಾ, ಇರು, ಈಗ ತಾನೇ ಕೂತೆ. ಮಾಳವ್ವ ಅವನ ತೋಳು ಹಿಡಿದು ಎಳೆದಳಂತೆ.

ಆಗ ಆ ಕಡೆಯಿಂದ ಒಂದು ದನಿ, ಬಿಡವ್ವ ಅವನನ್ನ, ಸುಖವಾಗಿದ್ದಾನೆ, ಅಂತು. ನೋಡಿದರೆ ಒಬ್ಬ ಹೆಂಗಸು ತೊಟ್ಟಿಲ ಹಗ್ಗ ಹಿಡ್ಕೊಂಡು ಕೂತಿದ್ದಳಂತೆ. ಮುದುಕಿ ಅನ್ನೋಕಾಗಲ್ಲ, ಹುಡುಗಿ ಅನ್ನೋಕಾಗಲ್ಲ. ಅವಳೇ ಗವಿಯವ್ವ, ಆ ಗುಡ್ಡವೆಲ್ಲ ಅವಳ ಮಾತು ಕೇಳೋದು. ಅವಳು ಹೇಳಿದಳಂತೆ, ಇಲ್ಲಿ ಹೊತ್ತು ಅನ್ನೋದಿಲ್ಲ ಮಗಳೇ, ಎಲ್ಲೂ ಇಲ್ಲ, ಹೊತ್ತು ಹೋಗುತ್ತೆ ಅನ್ನೋದು ಹೊರಗಿನೋರ ಭ್ರಮೆ. ನೆನ್ನೆ ಎಲ್ಲಿದೆ, ತೋರಿಸಕ್ಕಾಗುತ್ತಾ? ನಾಳೇನ ಯಾರಾದರೂ ಮುಟ್ಟಿದ್ದಾರಾ? ಇರೋದೆಲ್ಲ ಈಗ ಒಂದೇ. ಆ ಒಂದರಲ್ಲಿ ಕೂತ್ಕೊ, ಯಾರೂ ಮುಪ್ಪಾಗಲ್ಲ, ಯಾರೂ ಸಾಯಲ್ಲ.

ಮಾಳವ್ವ ಪೂರ್ತಿ ಕೇಳಿದಳಂತೆ. ಕೇಳಿ, ಅದೆಲ್ಲ ನಂಗೆ ತಿಳಿಯಲ್ಲ ತಾಯಿ, ಹೊತ್ತು ಹೋಗೋದಂತೂ ನಿಜ, ನನ್ನ ಕೂಸು ಕಾಯ್ತಾ ಇದೆ ಅಂದಳಂತೆ. ಹಾಗಾದ್ರೆ ಹೊತ್ತು ಹೋಗೋದನ್ನ ನಂಗೆ ತೋರಿಸು, ಮೂರು ಸಲ ಅವಕಾಶ ಕೊಡ್ತೀನಿ, ತೋರಿಸಿದ್ರೆ ಗಂಡನ್ನ ಕರ್ಕೊಂಡು ಹೋಗು, ಇಲ್ಲಾಂದ್ರೆ ಅವನ ಪಕ್ಕದಲ್ಲೇ ನಿಂಗೂ ಎಲೆ ಹಾಕ್ತೀನಿ, ಅಂದಳಂತೆ ಗವಿಯವ್ವ.

ಮಾಳವ್ವ ಹಾಲಿನ ಕುಡಿಕೇಗೆ ಒಂದು ತೊಟ್ಟು ಮಜ್ಜಿಗೆ ಬಿಟ್ಟಳಂತೆ. ಹೊತ್ತು ಹೋದ ಹಾಗೆ ಹೆಪ್ಪಾಗುತ್ತೆ, ನೋಡು ಅಂತ ಪಕ್ಕದಲ್ಲಿ ಕೂತಳಂತೆ. ಕೂತಳು, ಕೂತಳು. ಕುಡಿಕೆ ಓರೆ ಮಾಡಿ ನೋಡಿದರೆ ಹಾಲು ಹಾಲಾಗೇ ತುಳುಕ್ತಿತ್ತಂತೆ. ಗವಿಯವ್ವ ನಕ್ಕಳಂತೆ.

ಆಮೇಲೆ ಸೆರಗಿನ ಗಂಟು ಬಿಚ್ಚಿ, ರಾಗೀನ ಗವಿ ಮೂಲೇಲಿ ನಿಂತಿದ್ದ ನೀರಲ್ಲಿ ಅದ್ದಿ, ಮತ್ತೆ ಕಟ್ಟಿ, ಮಡಿಲಲ್ಲಿ ಬೆಚ್ಚಗಿಟ್ಕೊಂಡು ಕೂತಳಂತೆ. ಮೊಳಕೆ ಬಂದರೆ ಒಪ್ತೀಯಲ್ಲ ಅಂದಳಂತೆ. ಬರಲಿ ನೋಡೋಣ ಅಂದಳಂತೆ ಗವಿಯವ್ವ. ಎಷ್ಟು ಸಲ ಬಿಚ್ಚಿ ನೋಡಿದರೂ ರಾಗಿ ಕಾಳು ಕಣ್ಣೇ ಬಿಟ್ಟಿರಲಿಲ್ಲವಂತೆ. ಮಾಳವ್ವಂಗೆ ಒಳಗೊಳಗೇ ಅನುಮಾನ ಶುರುವಾಯ್ತಂತೆ. ಇವಳು ಹೇಳೋದೇ ನಿಜ ಇರಬಹುದಾ, ನಾನು ಬಂದು ಒಂದು ಗಳಿಗೇನೂ ಆಗಿಲ್ಲವಾ, ಹಟ್ಟೀಲಿ ಹೊನ್ನೂರಿ ಇನ್ನೂ ಅತ್ತೆ ಮಡಿಲಲ್ಲಿ ಹಾಗೇ ಮಲಗಿದೆಯಾ ಅಂತ. ಹಾಗೆ ಅಂದ್ಕೊಂಡ ಕೂಡಲೇ ಎಷ್ಟು ಹಾಯಾಗಿತ್ತು ಅಂತೀಯ, ಗಂಡನ ಪಕ್ಕ ಕೂತುಬಿಡೋಣ ಅನ್ನಿಸಿತಂತೆ.

ನಿದ್ದೆ ಬಂತಾ ಮರಿ? ಇಲ್ಲವಾ? ಹ್ಞೂಂ, ಹಾಗಾದ್ರೆ ಕೇಳು.

ಆಗ ಅವಳ ಕಣ್ಣು ತೊಟ್ಟಿಲ ಮೇಲೆ ಬಿತ್ತಂತೆ. ಗವಿಯವ್ವ ಹಗ್ಗ ಹಿಡಿದಿದ್ದಾಳೆ, ತೂಗ್ತಿಲ್ಲ. ಮಾಳವ್ವ ಎದ್ದು ಹೋಗಿ ಬಗ್ಗಿ ನೋಡಿದರೆ, ಒಳಗೊಂದು ಗಂಡುಕೂಸು, ಕೆನ್ನೆ ಎರಡೂ ಕೆಂಡ, ತುಟಿ ಒಣಗಿ ಸಿಪ್ಪೆ ಎದ್ದಿದೆ, ಅರ್ಧ ತೆರೆದ ಬಾಯಿ ಅರ್ಧಕ್ಕೇ ನಿಂತಿದೆ. ಮುಟ್ಟಬೇಡ ಅಂತ ಗವಿಯವ್ವ ಕಿರುಚಿದಳಂತೆ. ಆಮೇಲೆ ತಾನೇ ಸಣ್ಣ ದನೀಲಿ ಹೇಳಿದಳಂತೆ, ನನ್ನ ಮಗ. ಜ್ವರ ನೆತ್ತಿಗೇರಿತ್ತು. ಇನ್ನೊಂದು ಉಸಿರಿಗೆ ಹೋಗಿಬಿಡ್ತಿದ್ದ. ಹೊತ್ತೇ, ನಿಲ್ಲು ಅಂದೆ, ನಿಂತಿತು. ಅವತ್ತಿಂದ ಹೀಗೇ ಹಿಡ್ಕೊಂಡಿದ್ದೀನಿ.

ಮಾಳವ್ವ ಆ ಕೂಸಿನ ಮುಖಾನೇ ನೋಡ್ತಾ ನಿಂತಳಂತೆ. ಆಮೇಲೆ ಕೇಳಿದಳಂತೆ, ಹೊತ್ತು ಅನ್ನೋದೇ ಸುಳ್ಳಾದ್ರೆ ಯಾಕೆ ತಾಯಿ ಅಷ್ಟು ಗಟ್ಟಿ ಹಗ್ಗ ಹಿಡ್ಕೊಂಡಿದ್ದೀಯ?

ಗವಿಯವ್ವ ಹಗ್ಗಾನ ಕೈಗೆ ಇನ್ನೊಂದು ಸುತ್ತು ಸುತ್ಕೊಂಡಳಂತೆ.

ನಿನ್ನ ಮಗ ಸಾಯದ ಹಾಗೆ ನಿಲ್ಲಿಸಿದ್ದೀಯ, ಸರಿ. ಆದರೆ ಜ್ವರ ಬಿಡಬೇಕಾದರೂ ಹೊತ್ತು ಹೋಗಬೇಕಲ್ಲವಾ? ಈ ಕೂಸು ಅವತ್ತಿಂದ ಉರೀತಾನೇ ಇದೆ ನೋಡು, ಅಂದಳಂತೆ ಮಾಳವ್ವ.

ಜ್ವರ ಬಿಡಲಿಲ್ಲ ಅಂದ್ರೆ, ಅಂದಳಂತೆ ಗವಿಯವ್ವ. ಮಾಳವ್ವ, ಅದು ನಂಗೆ ಗೊತ್ತಿಲ್ಲ ತಾಯಿ, ಸುಳ್ಳು ಹೇಳಲ್ಲ, ಅಂದಳಂತೆ. ಹಾಗೆ ಅಂತಿದ್ದ ಹಾಗೇ ಅವಳ ಎದೆ ತುಂಬಿ ಬಂತಂತೆ. ಹಾಲು ಹೆಪ್ಪಾಗದ ಗವೀಲಿ, ರಾಗಿ ಮೊಳೆಯದ ಗವೀಲಿ, ಒಣಗಿದ ತುಟಿ ನೋಡಿದ್ದೇ ಅವಳ ಎದೆ ಹಾಲು ರವಿಕೆ ನೆನೆಸಿ ಇಳೀತಂತೆ. ಗವಿಯವ್ವ ಅದನ್ನೇ ನೋಡಿದಳಂತೆ. ಅವಳಿಗೂ ಒಂದು ಕಾಲಕ್ಕೆ ಹಾಗೆ ಆಗ್ತಿತ್ತಲ್ಲ. ನೋಡಿ ನೋಡಿ, ಹಗ್ಗ ಬಿಟ್ಟಳಂತೆ.

ಮಾಳವ್ವ ಕೂಸನ್ನ ಎತ್ಕೊಂಡು ಎದೆಗೆ ಹಚ್ಚಿದಳಂತೆ. ಮೊದಲು ಚೀಪಲಿಲ್ಲ. ಆಮೇಲೆ ಒಂದು ಗುಟುಕು, ಮತ್ತೊಂದು ಗುಟುಕು. ಆ ಕಡೆ ಕುಡಿಕೇಲಿ ಹಾಲು ಗಟ್ಟಿ ಮೊಸರಾಯ್ತಂತೆ, ಸೆರಗಿನ ಗಂಟು ಸೀಳ್ಕೊಂಡು ಬೆಳ್ಳಗೆ ರಾಗಿ ಮೊಳಕೆ ಇಣುಕಿತಂತೆ, ಕ್ಯಾತಣ್ಣ ಕೈಯಲ್ಲಿದ್ದ ತುತ್ತು ಬಾಯಿಗಿಟ್ಟು, ಥೂ, ಹಳಸಿದೆ ಅಂತ ಉಗುಳಿದನಂತೆ. ಯಾರಿಗೂ ಅದರ ಕಡೆ ಗಮನವಿಲ್ಲ. ಕೂಸಿನ ಹಣೆ ಮೇಲೆ ಒಂದು ಬೆವರ ಹನಿ ಮೂಡಿತ್ತು. ಆಮೇಲೆ ಕುತ್ತಿಗೇಲಿ, ಬೆನ್ನಲ್ಲಿ. ಜ್ವರ ಬಿಡ್ತಿತ್ತಂತೆ. ಗವಿಯವ್ವ ಮಗನ್ನ ಈಸ್ಕೊಂಡು ಬಿಕ್ಕಿ ಬಿಕ್ಕಿ ಅತ್ತಳಂತೆ, ಅವಳ ತಲೇಲಿ ಒಂದು ಎಳೆ ಬೆಳ್ಳಗಾಯ್ತಂತೆ.

ಹೋಗು ಮಗಳೇ, ಬೇಗ ಹೋಗು, ಅಂದಳಂತೆ. ಹೊರಗೆ ನಿಂತಿರಲಿಲ್ಲ ಹೊತ್ತು. ನಿಂಗೆ ಮೊದಲೇ ಹೇಳಬೇಕಿತ್ತು.

ಗಂಡ ಹೆಂಡತಿ ಕುರಿ ಹೊಡ್ಕೊಂಡು ಹೊರಗೆ ಬಂದರೆ ಸಂಜೆ ಬಿಸಿಲು. ನೋಡಿದ್ಯಾ, ಹೇಳಿದ ಹೊತ್ತಿಗೇ ಬಂದೆ ಅಂತ ಮಾಳವ್ವ ನಗ್ತಾ ಇಳಿದಳಂತೆ. ಇಳಿದು ನೋಡಿದರೆ, ಬೆಳಗ್ಗೆ ಮೊಣಕಾಲುದ್ದ ಇದ್ದ ಬೇವಿನ ಗಿಡ ಹಟ್ಟಿ ಮುಂದೆ ಮರವಾಗಿ ನಿಂತಿತ್ತಂತೆ. ಒಳಗೆ ಕೂಸು ಅಳೋ ದನಿ. ಅಯ್ಯೋ ಹೊನ್ನೂರಿ ಹಸಿದಿದೆ ಅಂತ ಓಡಿಹೋಗಿ, ತೊಟ್ಟಿಲಿಂದ ಎತ್ಕೊಂಡು, ಗೋಡೆಗೊರಗಿ ಕೂತು ಹಾಲು ಕೊಟ್ಟಳಂತೆ. ಕೂಸು ಗಟಗಟ ಕುಡೀತಂತೆ. ಆಗ ಮೂಲೇಲಿ ಕಂಬಳಿ ಹೊದ್ದು ಮಲಗಿದ್ದ ಒಬ್ಬ ಬಾಣಂತಿ, ಬಿಳಿಚಿದ ಮುಖ ಎತ್ತಿ, ಯಾರೇ ನೀನು, ನನ್ನ ಮಗಳಿಗೆ ಹಾಲು ಕೊಡ್ತಿರೋಳು, ಅಂದಳಂತೆ.

ನಿನ್ನ ಮಗಳಾ? ಇದು ನನ್ನ ಹೊನ್ನೂರಿ, ಅಂದಳಂತೆ ಮಾಳವ್ವ.

ಹೊನ್ನೂರಿ ನಾನು, ಅಂದಳಂತೆ ಅವಳು.

ಒಲೆ ಹತ್ತಿರ ಒಬ್ಬ ಹಣ್ಣು ಹಣ್ಣು ಮುದುಕಿ ಕೂತಿದ್ದಳು, ಕಣ್ಣು ಕಾಣದು. ಆ ದನಿ ಕೇಳಿದ್ದೇ ಗೋಡೆ ತಡಕ್ಕೊಂಡು ಬಂದು, ಮಾಳವ್ವನ ಮುಖವೆಲ್ಲ ಬೆರಳಲ್ಲಿ ಮುಟ್ಟಿ, ನನ್ನ ಸೊಸೆ ಕಣೇ, ಹೋದ ಹಾಗೇ ಬಂದಿದ್ದಾಳೆ ಅಂದಳಂತೆ. ದುಗ್ಗವ್ವ. ಒಬ್ಬಳೇ ಮೊಮ್ಮಗಳನ್ನ ಸಾಕಿ, ಮದುವೆ ಮಾಡಿ, ಹೆರಿಗೇಗೆ ಕರೆಸ್ಕೊಂಡಿದ್ದ ಮಹಾತಾಯಿ ಅವಳು. ಬಾಣಂತಿಗೆ ಸನ್ನಿ ಹಿಡಿದು ಹಾಲು ಬತ್ತಿಹೋಗಿತ್ತಂತೆ, ಕೂಸು ಉಳಿಯೋದು ಕಷ್ಟ ಅಂದಿದ್ದರಂತೆ. ಮಾಳವ್ವ ಅತ್ತೆಯ ಕಾಲು ಹಿಡ್ಕೊಂಡಳಂತೆ, ಕುರಿ ಕಟ್ಟಿ ಬಂದ ಕ್ಯಾತಣ್ಣ ಅವ್ವನ ಕೈ ಹಿಡ್ಕೊಂಡನಂತೆ. ಮಗಳು ತಿಂದದ್ದು, ನಡೆದದ್ದು, ಮಾತು ಕಲಿತದ್ದು, ಒಂದನ್ನೂ ಮಾಳವ್ವ ನೋಡಿರಲಿಲ್ಲವಲ್ಲ.

ಹೊನ್ನೂರಿ ಮಾತ್ರ ಆ ಕಡೆ ತಿರುಗಿ ಮಲಗಿದಳಂತೆ. ಎಲ್ಲಿ ಹೋಗಿದ್ದೆ ಅಂತ ಗೋಡೆ ಕಡೆ ನೋಡ್ಕೊಂಡೇ ಕೇಳಿದಳಂತೆ. ಮಾಳವ್ವ ನಡೆದದ್ದೆಲ್ಲ ಹೇಳಿ, ನಂಗದು ಒಂದೇ ಹಗಲು ಮಗಳೇ, ಅಂದಳಂತೆ. ನಂಗೆ ಅಷ್ಟೂ ವರ್ಷ, ಅಂದಳಂತೆ ಹೊನ್ನೂರಿ. ಹೌದು, ಎರಡೂ ನಿಜವೇ, ಅಂದಳಂತೆ ಮಾಳವ್ವ. ಎದ್ದು ನೀರು ಕಾಯಿಸಿದಳಂತೆ.

ಅಲ್ಲಿಂದ ಮಗಳ ಬಾಣಂತನ ಅವಳದೇ. ಎಣ್ಣೆ ಹಚ್ಚೋದು, ಬಿಸಿನೀರು ಹುಯ್ಯೋದು, ಸಾಂಬ್ರಾಣಿ ಹಾಕೋದು, ಮೊಮ್ಮಗಳಿಗೆ ಎದೆಹಾಲು ಕೊಡೋದು. ಹಟ್ಟಿ ಹಿರೀಕರು ಬಂದು, ಹೊತ್ತು ನಿಜವೋ ಸುಳ್ಳೋ, ನೀನೇ ಕಂಡೋಳು, ಹೇಳವ್ವ ಅಂದರೆ, ಆಮೇಲೆ ಬನ್ನಿ, ಕೂಸಿಗೆ ನೀರು ಹಾಕೋ ಹೊತ್ತಾಯ್ತು, ಅಂತ ಕಳಿಸಿಬಿಡ್ತಿದ್ದಳಂತೆ. ಹೊನ್ನೂರಿಗೆ ಮೈಯಲ್ಲಿ ರಕ್ತ ಬಂತು, ಮುಖ ತುಂಬಿತು. ಮಾಳವ್ವನ ಜೊತೆ ಮಾತ್ರ ಬಾ, ಹೋಗು ಅಂತಷ್ಟೇ ಮಾತು. ಏನಂತ ಕರೀಬೇಕು ಅಂತ ಅವಳಿಗೂ ತಿಳೀಲಿಲ್ಲವೇನೋ, ಇಬ್ಬರದೂ ಒಂದೇ ವಯಸ್ಸಾಗಿತ್ತಲ್ಲ. ಮಾಳವ್ವ ಕೇಳಲೂ ಇಲ್ಲ, ಕಾದಳಂತೆ.

ಆಮೇಲೆ ಬಾಣಂತಿಗೆ ಬಳೆ ಇಡಿಸೋಕೆ ಬಳೆಗಾರ ಬಂದನಂತೆ. ಜಗಲಿ ಮೇಲೆ ಇಬ್ಬರನ್ನೂ ಕೂರಿಸ್ಕೊಂಡು, ಒಂದೇ ಅಳತೆ ಬಳೆ ಇಬ್ಬರಿಗೂ ಏರಿಸ್ತಾ, ಇಬ್ಬರಲ್ಲಿ ಅಕ್ಕ ಯಾರಮ್ಮ, ತಂಗಿ ಯಾರು, ಅಂತ ಕೇಳಿದನಂತೆ. ಮಾಳವ್ವ ತಲೆ ತಗ್ಗಿಸಿದಳಂತೆ. ಹೊನ್ನೂರಿ ಬಳೆ ಸರಿ ಮಾಡ್ಕೊಳ್ತಾ, ಅಕ್ಕ ಅಲ್ಲ ಕಣಪ್ಪ, ಇವಳು ನಮ್ಮವ್ವ, ಅಂದಳಂತೆ.

ಅಷ್ಟೇ ಮರಿ. ಅವರು ಅವರ ಹಟ್ಟೀಲಿ ತಣ್ಣಗಿದ್ದರು, ನಾವು ನಮ್ಮ ಚಾಪೆ ಮೇಲೆ ಬೆಚ್ಚಗಿದ್ದೀವಿ. ನನ್ನ ಕತೆ ಮುಗೀತು, ನಿನ್ನ ನಿದ್ದೆ ಶುರುವಾಗಲಿ.