ಹೊನ್ನಾಜಮ್ಮನವರ ಮೌನ

ಹರಳುಕೋಟೆಯ ಬೊಮ್ಮರಸ ನಾಯಕನಿಗೆ ತನ್ನ ಮಾತಿನ ಮೇಲೆ ತುಂಬ ಹೆಮ್ಮೆ. "ಕತ್ತಿಯಲ್ಲಿ ನನ್ನನ್ನು ಸೋಲಿಸುವವರು ಇದ್ದಾರು. ಮಾತಿನಲ್ಲಿ? ಹುಟ್ಟಿಲ್ಲ!" ಎಂದು ಮೀಸೆ ತಿರುವುತ್ತಿದ್ದ. ಯಾರು ಬಾಯಿ ತೆರೆದರೂ ಅರ್ಧಕ್ಕೇ ತಡೆದು, ಉಳಿದರ್ಧವನ್ನು ತಾನೇ ಹೇಳಿ ಮುಗಿಸುತ್ತಿದ್ದ. ಅದು ತಪ್ಪಾಗಿದ್ದರೂ ಎಲ್ಲರೂ ತಲೆಯಾಡಿಸುತ್ತಿದ್ದರು.

ಒಂದು ದಿನ ನೆರೆಯ ಮಾವಿನಕೆರೆಯ ಮುದಿಯಪ್ಪ ನಾಯಕರು ಅರಮನೆಗೆ ಬಂದರು. ತಮ್ಮ ಮೊಮ್ಮಗಳನ್ನು ಬೊಮ್ಮರಸನ ಮಗನಿಗೆ ಕೊಡುವ ಮಾತುಕತೆ. ಊಟಕ್ಕೆ ಕೂತಾಗ ರಾಜಮಾತೆ ಹೊನ್ನಾಜಮ್ಮ, "ಬೊಮ್ಮಾ, ಸ್ವಲ್ಪ ಇಲ್ಲಿ ಕೇಳು..." ಎಂದರು.

"ಅಮ್ಮಾ, ಗಂಡಸರ ಮಾತಿನ ನಡುವೆ ನಿಮ್ಮದೇನು? ಸುಮ್ಮನಿರಿ!" ಎಂದುಬಿಟ್ಟ ನಾಯಕ. ಅದೂ ಅತಿಥಿಯ ಎದುರಿಗೆ.

ಹೊನ್ನಾಜಮ್ಮ ಸುಮ್ಮನಾದರು. ಹೇಗೆ ಸುಮ್ಮನಾದರೆಂದರೆ, ಆಮೇಲೆ ಒಬ್ಬರ ಹತ್ತಿರವೂ ತುಟಿ ಬಿಚ್ಚಲಿಲ್ಲ. ಅತ್ತ ಮುದಿಯಪ್ಪನವರೂ ಮುಖ ಗಂಟಿಕ್ಕಿಕೊಂಡು, ಮದುವೆಯ ಮಾತೇ ಎತ್ತದೆ ಹೊರಟುಹೋದರು. ಯಾಕೆಂದು ನಾಯಕನಿಗೆ ತಿಳಿಯಲಿಲ್ಲ.

ಕೆಲವು ದಿನಗಳಲ್ಲಿ ದಾಸಿಯೊಬ್ಬಳು ಓಡಿಬಂದು, "ಅಮ್ಮನವರು ಸೀರೆಗಳನ್ನು ಗಂಟು ಕಟ್ಟುತ್ತಿದ್ದಾರೆ. ತವರಿಗೆ ಹೊರಡುವ ಹಾಗಿದೆ" ಎಂದಳು. ನಾಯಕ ಗಾಬರಿಯಾಗಿ ಸಭೆ ಕರೆದ.

"ಸಂಜೆಯೊಳಗೆ ಅಮ್ಮನ ಬಾಯಿಂದ ಮಾತು ಹೊರಡಬೇಕು! ಇಷ್ಟು ಜನ ಜಾಣರನ್ನು ನಾನು ಸಾಕಿರೋದು ಯಾಕೆ? ಆಗದಿದ್ದರೆ ಎಲ್ಲರೂ ಮನೆಗೆ ನಡೆಯಿರಿ!"

ಆಸ್ಥಾನದ ಪಂಡಿತ ಮುಕುಂದಾಚಾರ್ಯರು ಮೊದಲು ಹೊರಟರು. ಹೊನ್ನಾಜಮ್ಮನವರ ಎದುರು ಕೂತು ತಾಳ್ಮೆಯ ಹಿರಿಮೆ, ಕ್ಷಮೆಯ ಮಹಿಮೆ, ಸಿಹಿಮಾತಿನ ಪುಣ್ಯ ಎಂದು ಕಣ್ಣು ಮುಚ್ಚಿಕೊಂಡು ಶ್ಲೋಕದ ಮೇಲೆ ಶ್ಲೋಕ ಸುರಿದರು. ಕಣ್ಣು ತೆರೆದು ನೋಡಿದರೆ ಅಮ್ಮನವರು ಗೋಡೆಗೊರಗಿ ನಿದ್ದೆ ಹೋಗಿದ್ದರು.

ಆಗ ಎದ್ದವನು ಕೊಟ್ರಯ್ಯ, ಆಸ್ಥಾನದ ವಿದೂಷಕ. "ಪ್ರಭು, ನಾನು ಮಾತಾಡಿಸುತ್ತೇನೆ. ಒಂದೇ ಷರತ್ತು. ತಾವು ಅಮ್ಮನವರ ಕೋಣೆಯ ಪರದೆಯ ಹಿಂದೆ ನಿಂತಿರಬೇಕು. ಬಾಯಿ ತುಂಬ ತಾಂಬೂಲ ಹಾಕಿಕೊಂಡಿರಬೇಕು. ನಾನು ಹೇಳುವವರೆಗೂ ಉಗುಳುವ ಹಾಗಿಲ್ಲ."

"ಇದೆಂಥ ಷರತ್ತು?"

"ಮೂಢನಂಬಿಕೆ ಅಂದುಕೊಳ್ಳಿ ಪ್ರಭು."

ಬೇರೆ ದಾರಿಯಿರಲಿಲ್ಲ. ನಾಯಕ ಎರಡು ಕೆನ್ನೆಯೂ ಉಬ್ಬುವಷ್ಟು ಎಲೆ ಅಡಿಕೆ ತುಂಬಿಕೊಂಡು ಪರದೆಯ ಹಿಂದೆ ನಿಂತ.

ಕೊಟ್ರಯ್ಯ ಒಳಗೆ ಹೋಗಿ ಕೈಮುಗಿದು ನೆಲದ ಮೇಲೆ ಕೂತ. "ತಾಯಿ, ಒಂದು ಸಂಶಯ. ಅವತ್ತಿನ ಊಟದಲ್ಲಿ ಸಾರಿಗೆ ಉಪ್ಪು ಕಮ್ಮಿಯಾಗಿತ್ತು, ಅದನ್ನೇ ಹೇಳೋಕೆ ಹೋಗಿ ಬೈಸಿಕೊಂಡಿರಿ ಅಂತ ಊರೆಲ್ಲ ಆಡಿಕೊಳ್ಳುತ್ತಿದೆ. ಹೌದೇ?"

ಹೊನ್ನಾಜಮ್ಮ ನೆಟ್ಟಗೆ ಕೂತರು. "ಯಾವನೋ ಅವನು ಹಾಗಂದವನು? ನನ್ನ ಅಡುಗೆಮನೆಯಲ್ಲಿ ಉಪ್ಪು ಕಮ್ಮಿಯಾಗುತ್ತದೆಯೇ?"

ಪರದೆ ಅಲುಗಾಡಿತು. ಕೊಟ್ರಯ್ಯ ಅತ್ತ ನೋಡಲಿಲ್ಲ. "ಹಾಗಾದರೆ ಇನ್ನೇನು ತಾಯಿ?"

"ಮುದಿಯಪ್ಪನವರ ಬಾಯಲ್ಲಿ ಒಂದು ಹಲ್ಲಾದರೂ ಇದೆಯೇನೋ? ಅವರ ಎಲೆಗೆ ಚಕ್ಕುಲಿ, ಕೋಡುಬಳೆ ರಾಶಿ ಹಾಕುತ್ತಿದ್ದರು. ಪಾಪ, ಮರ್ಯಾದೆಗೆ ಅಂಜಿ ಕೋಡುಬಳೆಯನ್ನು ಚೀಪುತ್ತ ಕೂತಿದ್ದರು. ಬಿಸಿ ಪಾಯಸ ಹಾಕಿಸು ಅಂತ ಹೇಳೋಕೆ ಹೋದೆ."

"ಆಮೇಲೆ?"

"ಆಮೇಲೇನು? ಹಸಿದ ಹೊಟ್ಟೆಯಲ್ಲಿ ಎದ್ದು ಹೋದರು. ತಮ್ಮ ಹಲ್ಲಿಲ್ಲದ ಬಾಯನ್ನು ನೋಡಿ ನಗೋಕೆ ಕರೆಸಿದರು ಅಂತ ಅಂದುಕೊಂಡಿರುತ್ತಾರೆ."

ಪರದೆಯ ಹಿಂದಿನಿಂದ "ಊಂ!" ಎಂಬ ಸದ್ದು ಬಂತು. ತಾಂಬೂಲ ತಡೆಯಿತು.

"ಹೌದಾ ತಾಯಿ? ಆಮೇಲೆ?"

ಹೊನ್ನಾಜಮ್ಮನವರ ದನಿ ಇಳಿಯಿತು. "ನನ್ನ ಬೊಮ್ಮ ಕೆಟ್ಟವನಲ್ಲವೋ. ಚಿಕ್ಕವನಾಗಿದ್ದಾಗ ಹಿತ್ತಲಲ್ಲಿ ನಾನು ಅವರೆಕಾಯಿ ಬಿಡಿಸುತ್ತಿದ್ದರೆ ಪಕ್ಕದಲ್ಲೇ ಕೂತು, 'ಇನ್ನೂ ಹೇಳಮ್ಮಾ, ಇನ್ನೂ ಹೇಳು' ಅಂತಿದ್ದ. ತಲೆಗೆ ಕಿರೀಟ ಬಂದಮೇಲೆ ಕಿವಿ ಮುಚ್ಚಿಹೋಯಿತು. ಬೈದಿದ್ದಕ್ಕೆ ಬೇಸರವಿಲ್ಲ. ನಾನು ಏನು ಹೇಳೋಕೆ ಬಂದಿದ್ದೆ ಅಂತ ಇಷ್ಟು ದಿನವಾದರೂ ಒಂದು ಸಲ ವಿಚಾರಿಸಲಿಲ್ಲವಲ್ಲ, ಅದಕ್ಕೆ ಬೇಸರ."

ಅಮ್ಮನವರು ಕಣ್ಣೊರೆಸಿಕೊಂಡು ಹಗುರಾಗುವವರೆಗೂ ಕೊಟ್ರಯ್ಯ ಕೂತಿದ್ದು, ನಮಸ್ಕರಿಸಿ ಹೊರಗೆ ಬಂದ.

ಪರದೆಯ ಹಿಂದಿನಿಂದ ಬಂದು ನಾಯಕ ಅಂಗಳದಲ್ಲಿ ನಿಂತಿದ್ದ. ಉಬ್ಬಿದ ಕೆನ್ನೆ, ಒದ್ದೆಯಾದ ಕಣ್ಣು. ಕೊಟ್ರಯ್ಯ ತಲೆಯಾಡಿಸಿದೊಡನೆ ತಾಂಬೂಲ ಉಗುಳಿ ಉಸಿರು ಬಿಟ್ಟ. ಪಕ್ಕದಲ್ಲಿ ಮುಕುಂದಾಚಾರ್ಯರೂ ಇದ್ದರು.

"ಕೊಟ್ರಯ್ಯ, ಆಚಾರ್ಯರ ಅಷ್ಟು ಶ್ಲೋಕಕ್ಕೆ ಬಗ್ಗದ ಅಮ್ಮ ನಿನ್ನ ಮಾತಿಗೆ ಬಗ್ಗಿದರಲ್ಲ! ಇದೆಂಥ ಮಾತಿನ ವಿದ್ಯೆಯೋ?"

"ಮಾತಿನ ವಿದ್ಯೆಯಲ್ಲ ಪ್ರಭು. ನಾನು ಮಾಡಿದ್ದೆಲ್ಲ ಕೇಳೋದು. ಮೊದಲು ಒಂದು ಪ್ರಶ್ನೆ ಕೇಳಿದೆ. ಆಮೇಲೆ ಅವರು ಹೇಳಿದ್ದನ್ನು ಕೇಳಿದೆ. ಇನ್ನೊಂದು ಕೇಳೋದು ಉಳಿದಿದೆ. ಅದು ನನ್ನ ಕೈಯಲ್ಲಾಗೋದಲ್ಲ, ತಾವೇ ಕೇಳಬೇಕು."

"ಏನದು?"

"ಕ್ಷಮೆ."

ಆಚಾರ್ಯರು ಕಣ್ಣು ಮುಚ್ಚಿಕೊಂಡರು. ನಾಯಕ ಒಂದು ಕ್ಷಣ ಕೊಟ್ರಯ್ಯನನ್ನೇ ದುರುಗುಟ್ಟಿ ನೋಡಿದ. ಆಮೇಲೆ ಹೊಟ್ಟೆ ಕುಲುಕುವ ಹಾಗೆ ನಕ್ಕ. "ಪರದೆ ಕಟ್ಟಿದ್ದು ಅಮ್ಮನಿಗೆ, ಬಲೆ ಬೀಸಿದ್ದು ನನಗೆ! ಆಗಲಿ!" ಎಂದು ತನ್ನ ಜರತಾರಿ ಶಾಲನ್ನು ಅವನ ಹೆಗಲಿಗೆ ಹೊದಿಸಿ ಒಳಗೆ ಹೋದ.

ಬಾಗಿಲು ಅರ್ಧ ಮುಚ್ಚಿಕೊಂಡಿತು. ಮುಕುಂದಾಚಾರ್ಯರು ಮೆಲ್ಲಗೆ ಅದರ ಹತ್ತಿರ ಸರಿದು ಕತ್ತು ಚಾಚಿದರು. "ಕೊಟ್ರಯ್ಯ, ಒಳಗೆ ಪ್ರಭುಗಳು ಏನು ಹೇಳುತ್ತಿದ್ದಾರಯ್ಯ?"

ಕೊಟ್ರಯ್ಯ ಅವರ ರಟ್ಟೆ ಹಿಡಿದು ಮೃದುವಾಗಿ ಈಚೆಗೆ ಎಳೆದ.

"ಬನ್ನಿ ಆಚಾರ್ಯರೇ. ಯಾವುದನ್ನು ಕೇಳಬಾರದು ಅನ್ನೋದನ್ನೂ ಕಲಿಯಬೇಕು."